ಕೌದಿಗೆ ಯಾವ ಬಣ್ಣದ ದಾರ?

"ದಾರ ಯಾವ ಬಣ್ಣದ್ದು ಹಾಕ್ಲಿ, ಮಾಸ್ತರ?"

ದೇವದುರ್ಗದ ಓಣಿಯೊಂದರಲ್ಲಿ ಬೇವಿನ ಮರದ ನೆರಳಿಗೆ ಕೂತಿದ್ದ ಅವ್ವ ಹೀಗೆ ಕೇಳಿದಾಗ ನಾವು ಕೊಟ್ಟ ಉತ್ತರ ಇಷ್ಟೇ. "ಬಟ್ಟೆಗೆ ಹೊಂದುವ ಯಾವುದಾದರೂ ಹಾಕಿ. ಹೊಲಿಗೆ ಕಾಣದಿದ್ದರೆ ಸಾಕು." ಅವ್ವ ಒಂದು ಕ್ಷಣ ನಮ್ಮ ಮುಖ ನೋಡಿದರು. ಆಮೇಲೆ "ಆತು ಬಿಡ್ರಿ" ಎಂದು ಬಟ್ಟೆಯ ಗಂಟು ಬಿಚ್ಚಿದರು. ಆ "ಆತು ಬಿಡ್ರಿ"ಯ ಅರ್ಥ ನಮಗೆ ತಿಳಿಯಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಒಂದು ಕೌದಿ ಹಾಳಾಗಿತ್ತು.

ಕರಾವಳಿಯ ಓದುಗರಿಗೆ ಕೌದಿ ಅಂದರೆ ಏನೆಂದು ಮೊದಲು ಹೇಳಬೇಕು. ನಮ್ಮ ಕಡೆ ಮಳೆಗಾಲಕ್ಕೆ ಕಂಬಳಿ, ಉಳಿದ ದಿನಕ್ಕೆ ಒಂದು ತೆಳು ಹೊದಿಕೆ, ಮುಗಿಯಿತು. ಹಳೆ ಬಟ್ಟೆ ಏನಾಗುತ್ತದೆ? ನೆಲ ಒರೆಸಲು, ಪಾತ್ರೆ ಹಿಡಿಯಲು. ರಾಯಚೂರು ಸೀಮೆಯಲ್ಲಿ ಹಾಗಲ್ಲ. ಹಳೆ ಸೀರೆ, ಧೋತರ, ಅಂಗಿ, ಲಂಗ ಎಲ್ಲವನ್ನೂ ಒಂದರ ಮೇಲೊಂದು ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಕೈಸೂಜಿಯಲ್ಲಿ ಸಾಲು ಸಾಲಾಗಿ ಹೊಲಿದರೆ ಅದು ಕೌದಿ. ಇಲ್ಲಿನ ನಮ್ಮ ದಖ್ಖನಿ ಮಾತಿನ ಮನೆಗಳಲ್ಲಿ ಗೋಧಡಿ ಅನ್ನುತ್ತಾರೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಕೊಳ್ಳಲು, ಚಳಿಗಾಲದಲ್ಲಿ ಹೊದೆಯಲು, ಬಾಣಂತಿಯ ಪಕ್ಕ ಕೂಸು ಮಲಗಿಸಲು, ಎಲ್ಲಕ್ಕೂ ಅದೇ. ಹೊಸ ಬಟ್ಟೆಯಲ್ಲಿ ಹೊಲಿದರೆ ಅದು ಮೈಗೆ ಒರಟು. ಹತ್ತಿ ಬಟ್ಟೆ ನೂರಾರು ಬಾರಿ ಒಗೆದು ಮೆತ್ತಗಾಗಿರಬೇಕು.

ಊರೇ ಹತ್ತಿಯ ಊರು. ರಾಯಚೂರಿನ ಮಾರುಕಟ್ಟೆ ಕಡೆ ಸುಗ್ಗಿಯಲ್ಲಿ ಹೋದರೆ ರಸ್ತೆ ಬದಿಯ ಜಾಲಿ ಮುಳ್ಳಿಗೂ ಹತ್ತಿ ಸಿಕ್ಕಿಕೊಂಡಿರುತ್ತದೆ. ಆದರೂ ಕೌದಿಯೊಳಗೆ ಹತ್ತಿ ತುಂಬುವುದಿಲ್ಲ, ಬರೀ ಬಟ್ಟೆಯ ಪದರ. ಆದ್ದರಿಂದ ಅಷ್ಟೂ ಪದರವನ್ನು ಹಿಡಿದು ನಿಲ್ಲಿಸುವ ಕೆಲಸ ದಾರದ್ದು. ಶರ್ಟಿನಲ್ಲಿ ಹೊಲಿಗೆ ಅಂಚಿನಲ್ಲಿ ಮಾತ್ರ ಇದ್ದರೆ ಕೌದಿಯಲ್ಲಿ ಮೈತುಂಬಾ ಇರುತ್ತದೆ. ನಾವು ಒಮ್ಮೆ ಕೂತು ಲೆಕ್ಕ ಹಾಕಿದೆವು. ಆರಡಿ ಉದ್ದ, ನಾಲ್ಕಡಿ ಅಗಲದ ಕೌದಿಗೆ ಎರಡು ಸೆಂಟಿಮೀಟರಿಗೊಂದು ಸಾಲು ಅಂದರೆ 60 ಸಾಲು. ಒಂದೊಂದು ಸಾಲು ಆರಡಿ. ಒಟ್ಟು ಸುಮಾರು 110 ಮೀಟರ್ ಹೊಲಿಗೆ. ಹೊರಗಿನ ಅಂಚಿನಿಂದ ಸುತ್ತು ಸುತ್ತಾಗಿ ಒಳಗೆ ಹೋದರೂ ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ಒಂದು ಟಾಕಿಗೂ ಅದರ ನಡುವಿನ ಬಿಡುವಿಗೂ ಸೇರಿ ಎಂಟು ಮಿಲಿಮೀಟರ್ ಹಿಡಿದರೆ ಹದಿಮೂರು ಸಾವಿರಕ್ಕೂ ಹೆಚ್ಚು ಟಾಕಿ. ದಾರ ಜೋಡಿ ಎಳೆ ಆದ್ದರಿಂದ ಇನ್ನೂರು ಮೀಟರಿನ ಮೇಲೆಯೇ ಬೇಕು. ಇಷ್ಟು ಹೊಲಿಗೆ "ಕಾಣದಿದ್ದರೆ ಸಾಕು" ಎಂದವರು ನಾವು.

ಮೊದಲ ಕೌದಿಯ ಕಥೆ ಮುಗಿಸಿಬಿಡುತ್ತೇವೆ. ಮನೆಯವರು ಹೊಂದುವ ಬಣ್ಣ ಹುಡುಕಿ ತಂದದ್ದು ಮೆಷಿನ್ ಹೊಲಿಗೆಯ ಪಾಲಿಯೆಸ್ಟರ್ ದಾರ, ತೆಳು ಗೋಧಿ ಬಣ್ಣದ್ದು. ಗಟ್ಟಿ, ಅಗ್ಗ, ಬಣ್ಣ ಬಿಡುವುದಿಲ್ಲ. ಅವ್ವ "ಇದು ಕೊರಿತದ್ರಿ" ಅಂದರು. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಕೌದಿ ಬಂತು. ದೂರದಿಂದ ನೋಡಿದರೆ ತುಂಡು ಬಟ್ಟೆಗಳನ್ನು ಅಂಟಿಸಿದ ಹಾಗೆ, ಚಪ್ಪಟೆ. ಹೊಲಿಗೆ ಇದೆಯೆಂದು ಮುಟ್ಟಿದರೆ ಮಾತ್ರ ಗೊತ್ತಾಗಬೇಕು. ಎರಡು ವರ್ಷ ಹೊದ್ದೆವು, ಒಗೆದೆವು. ಆಮೇಲೆ ಒಂದು ದಿನ ಕೊಡವಿದಾಗ ಹಳೆ ಬಟ್ಟೆ ಹೊಲಿಗೆಯ ಗೆರೆ ಹಿಡಿದು ಹರಿದುಬಂತು, ಅಂಚೆ ಚೀಟಿ ಹರಿದ ಹಾಗೆ. ದಾರಕ್ಕೆ ಏನೂ ಆಗಿರಲಿಲ್ಲ. ಸವೆದ ಹತ್ತಿ ಬಟ್ಟೆಗೆ ಅದಕ್ಕಿಂತ ಬಲವಾದ ತೆಳ್ಳನೆ ದಾರ ಹಾಕಿದರೆ ಎಳೆತ ಬಿದ್ದಾಗ ಸೋಲುವುದು ಬಟ್ಟೆ. ದಾರ ಹರಿದರೆ ಮತ್ತೆ ಹೊಲಿಯಬಹುದು, ಬಟ್ಟೆ ಹರಿದರೆ ಏನು ಮಾಡುವುದು?

ಇದನ್ನು ನಾವು ಮಾನ್ವಿಯಲ್ಲಿ ಹೇಳಿಕೊಂಡೆವು. ನಮ್ಮ ಬಳಿ ಓದಿದ ಹುಡುಗನೊಬ್ಬನ ಮನೆಗೆ ಊಟಕ್ಕೆ ಹೋಗಿದ್ದೆವು. ಊಟ ಆದ ಮೇಲೆ ಹುಡುಗನ ದಾದಿ ತಮ್ಮ ಮಂಚದ ಮೇಲಿನ ಗೋಧಡಿಯನ್ನೇ ತೆಗೆದು ನಮ್ಮ ಮುಂದೆ ಹಾಸಿದರು. ಎಷ್ಟು ಹಳೆಯದೆಂದು ಅವರಿಗೂ ಲೆಕ್ಕವಿಲ್ಲ. ಅದರಲ್ಲಿ ಮೂರು ಬಣ್ಣದ ಧಾಗಾ. ಮೂಲ ಹೊಲಿಗೆ ಕೆಂಪು, ಈಗ ಅದು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ಇಳಿದಿದೆ. ಅದು ಅವರ ಅಮ್ಮನ ಕೈದು. ಮಧ್ಯೆ ತೇಪೆ ಹಾಕಿದ ಕಡೆ ಬಿಳಿ ದಾರ, ಅದು ದಾದಿಯದ್ದು. ಕಾಲ ದೆಸೆಯ ಅಂಚಿನಲ್ಲಿ ನೀಲಿ, ಅದು ಸೊಸೆಯದ್ದು. "ಬಹೂನ ಟಾಕಿ ಉದ್ದುದ್ದ, ನೋಡ್ರಿ, ಅವಸರ" ಎಂದು ದಾದಿ ನಕ್ಕರು. ಬಾಗಿಲ ಹಿಂದಿನಿಂದ ಸೊಸೆಯೂ ನಕ್ಕದ್ದು ಕೇಳಿಸಿತು.

ಒಂದೇ ಬಣ್ಣದಲ್ಲಿ, ಬಟ್ಟೆಗೆ ಹೊಂದುವ ದಾರದಲ್ಲಿ ಹೊಲಿದಿದ್ದರೆ ಆ ಮೂರು ಕೈಗಳೂ ಬೆರೆತು ಹೋಗುತ್ತಿದ್ದವು. ಯಾವುದು ಯಾರದ್ದೆಂದು ದಾದಿಗೆ ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ಮನೆಗೆ ಬರುವಾಗ ಕಲ್ಲೂರು ದಾಟುವವರೆಗೂ ಬಸ್ಸಿನಲ್ಲಿ ನಮ್ಮ ಮನೆಯವರು ಬಾಯಿ ಬಿಡಲಿಲ್ಲ. ಆಮೇಲೆ ಅಂದದ್ದು ಒಂದೇ ಮಾತು: "ನಾವು ಅವ್ವನಿಗೆ ಅಂಥ ದಾರ ಕೊಡಬಾರದಿತ್ತು."

ಎರಡನೇ ಅವಕಾಶ ಕಳೆದ ವರ್ಷ ಬಂತು. ಊರಿನಲ್ಲಿ ಅಕ್ಕನ ಮಗಳಿಗೆ ಮೊದಲ ಹೆರಿಗೆ. ಉಮ್ಮ ಮರಿಮೊಮ್ಮಗುವಿನ ಮುಖ ನೋಡುವ ಸಂಭ್ರಮದಲ್ಲಿದ್ದರು. "ನಿಮ್ಮ ಆ ಕಡೆಯ ಕೌದಿ ಒಂದು ಮಾಡಿಸಿ ಕೊಡು" ಎಂದು ಒಂದು ಗಂಟು ಕಟ್ಟಿ ಕಳಿಸಿದರು. ಬಿಚ್ಚಿ ನೋಡಿದರೆ ಉಮ್ಮನ ಎರಡು ಹತ್ತಿ ಸೀರೆ, ಒಂದು ಹಳೆ ಕುಪ್ಪಾಯ, ಮತ್ತೆ ತೀರಿಕೊಂಡ ಬಾಪನ ಬಿಳಿ ಮುಂಡು, ಮಡಿಕೆ ಬಿಡದ ಹಾಗೆ. ಅದನ್ನು ಇಷ್ಟು ವರ್ಷ ಎಲ್ಲಿಟ್ಟಿದ್ದರೋ. ಈ ಸಲ ದಾರದ ವಿಷಯದಲ್ಲಿ ತಪ್ಪಬಾರದು. ಕೂಸಿನ ಬಾಯಿಗೆ ಹೋಗುವ ಬಟ್ಟೆ, ಅದರಲ್ಲೂ ಬಿಳಿ ಬಟ್ಟೆ.

ಬಟ್ಟೆಯ ಗಂಟು ಹಿಡಿದುಕೊಂಡೇ ರಾಯಚೂರಿನಲ್ಲಿ ತೀನ್ ಕಂದೀಲ್ ಕಡೆಯ ದಾರದಂಗಡಿಗೆ ಹೋದೆವು. ಅಂಗಡಿಯವರು ನಮಗೆ ಮೊದಲು ಕಲಿಸಿದ್ದು ಇದು: ದಾರದ ಬಣ್ಣ ರೀಲಿನಲ್ಲಿ ನೋಡಬಾರದು. ರೀಲಿನಲ್ಲಿ ನೂರು ಸುತ್ತು ಒತ್ತಾಗಿ ಕೂತಿರುತ್ತದೆ, ಬಣ್ಣ ಗಾಢ ಕಾಣುತ್ತದೆ. ಒಂದು ಮೊಳ ಬಿಚ್ಚಿ, ಒಂಟಿ ಎಳೆಯನ್ನು ಬಟ್ಟೆಯ ಮೇಲೆ ಸಡಿಲವಾಗಿ ಬಿಡಬೇಕು. ಆಗ ಅದು ಒಂದು ಮಟ್ಟ ತಿಳಿಯಾಗುತ್ತದೆ. ಅದೇ ಕೌದಿಯಲ್ಲಿ ಕಾಣುವ ಬಣ್ಣ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನಿರ್ಧಾರ ಮಾಡದೆ ಬಾಗಿಲ ಹೊರಗೆ ಬಿಸಿಲಿಗೆ ಬಂದು ನೋಡಬೇಕು. ಹಾಗೆ ನೋಡಿದಾಗ ಒಳಗೆ ಕಪ್ಪೆಂದು ಕಂಡದ್ದು ಹೊರಗೆ ಕಡುನೀಲಿ ಆಗಿತ್ತು!

ಇನ್ನೊಂದು ವಿಷಯ ನಾವೇ ಎಳೆ ಹಾಸಿ ಹಾಸಿ ಕಂಡುಕೊಂಡೆವು. ತಿಳಿ ಬಟ್ಟೆಯ ಮೇಲೆ ಗಾಢ ದಾರ ಎದ್ದು ಕಾಣುತ್ತದೆ, ಗಾಢ ಬಟ್ಟೆಯ ಮೇಲೆ ತಿಳಿ ದಾರ ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತದೆ. ಹತ್ತು ಬಣ್ಣದ ತುಂಡುಗಳ ಮೇಲೆ ಒಂದೇ ದಾರ ಓಡಬೇಕಾದರೆ ಎಲ್ಲದರಲ್ಲೂ ಅಡಗುವ ಬಣ್ಣ ಬೂದಿ. ಅಡಗಬೇಕೆಂದಿದ್ದರೆ ಬೂದಿ ತೆಗೆದುಕೊಳ್ಳಿ. ನಮಗೀಗ ಅಡಗುವುದು ಬೇಕಾಗಿರಲಿಲ್ಲ. ಮನೆಯವರಿಗೆ ಕೆಂಪೇ ಆಗಬೇಕಿತ್ತು, ಮಾನ್ವಿಯ ದಾದಿಯ ಗೋಧಡಿಯ ಹಾಗೆ. ನಾವು ಬಿಳಿ ಎಂದೆವು, ಮಗುವಿನದ್ದಲ್ಲವೇ ಎಂದು. ಅಂಗಡಿಯಲ್ಲೇ ಸಣ್ಣ ಜಗಳ ಆಯಿತು. ಕೊನೆಗೆ ಕೆಂಪು, ಹಸಿರು, ನೀಲಿ, ಬಿಳಿ ನಾಲ್ಕನ್ನೂ ಒಂದೊಂದು ತೆಗೆದುಕೊಂಡೆವು. ಎಲ್ಲವೂ ದಪ್ಪ ಹತ್ತಿ ನೂಲಿನವು, ಪಾಲಿಯೆಸ್ಟರ್ ಮುಟ್ಟಲಿಲ್ಲ. ಮರುದಿನ ಗಬ್ಬೂರಿನ ಮೇಲೆ ಹೋಗುವ ಬಸ್ಸಿನಲ್ಲಿ ದೇವದುರ್ಗಕ್ಕೆ ಹೊರಟೆವು.

ಅವ್ವ ಅಲ್ಲೇ, ಅದೇ ಬೇವಿನ ಮರದ ಕೆಳಗೆ. ಕನ್ನಡಕ ಬಂದಿದೆ, ಒಂದು ಕಡ್ಡಿಗೆ ದಾರ ಸುತ್ತಿದೆ. ನಾವು ಹಳೆ ಕೌದಿಯ ಗತಿ ಹೇಳಿದೆವು. "ಹೇಳಿದ್ನಲ್ರಿ" ಅಂದರು, ಅಷ್ಟೇ. ಆ ದಿನ ಯಾಕೆ ಜೋರು ಮಾಡಿ ಹೇಳಲಿಲ್ಲ ಎಂದು ಮನೆಯವರು ಕೇಳಿದರು. ಅವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿ ಹೇಳಿದ ಮಾತನ್ನು ಇಲ್ಲಿ ಹಾಗೇ ಬರೆಯುತ್ತೇವೆ.

"ಬಟ್ಟಿ ನಿಮ್ದು, ರೊಕ್ಕ ನಿಮ್ದು. ಕೂಲಿ ಮಾಡೋರು ಎಷ್ಟಂತ ಹೇಳಬೇಕ್ರಿ? ಹೊಲಿಗಿ ಕಾಣಬಾರದು ಅಂತೀರಿ. ಕೌದಿ ಒಯ್ಯೋವಾಗ ಇದರಾಗ ಏನ್ ಕೆಲಸ ಅದ, ಇಷ್ಟ್ಯಾಕ ಕೊಡಬೇಕು ಅಂತೀರಿ. ಕಾಣಲಾರದ್ದಕ್ಕ ಯಾರು ಕೂಲಿ ಕೊಡ್ತಾರ?"

ನಾವು ಆ ದಿನ ಹಾಗೇ ಅಂದಿದ್ದೆವು. ಹೇಳಿದ ಕೂಲಿಯಲ್ಲಿ ಚೌಕಾಸಿ ಮಾಡಿ ಇನ್ನೂರು ರೂಪಾಯಿ ಕಡಿಮೆ ಮಾಡಿಸಿದ್ದೆವು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯಿತು. ಮಕ್ಕಳಿಗೆ ಪಾಠದಲ್ಲಿ ಕೂಲಿಯವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಹದೀಸ್ ಹೇಳಿಕೊಡುವವರು ನಾವು. ಬೆವರು ಬಿಳಿ ದಾರದ ಹಾಗೆ ಬಿಳಿ ಬಟ್ಟೆಯಲ್ಲಿ ಇಂಗಿದ್ದರೆ ಅದು ಆರಿತೋ ಇಲ್ಲವೋ ಎಂದು ಹೇಗೆ ಗೊತ್ತಾಗಬೇಕು?

ಅವ್ವ ಬಣ್ಣದ ದಾರ ಕೇಳುವುದಕ್ಕೆ ಇನ್ನೂ ಕಾರಣಗಳಿದ್ದವು. ಒಂದು ಕಣ್ಣು. ಬೆಳಿಗ್ಗೆ ಮನೆಗೆಲಸ, ಹೊಲದ ಕೂಲಿ ಮುಗಿಸಿ ಸೂಜಿ ಹಿಡಿಯುವುದು ಸಂಜೆ. ಇಳಿ ಬೆಳಕಿನಲ್ಲಿ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ, ಬಿಳಿಯ ಮೇಲೆ ಬಿಳಿ ಹಾಕಿದರೆ ಹಿಂದಿನ ಟಾಕಿ ಎಲ್ಲಿ ನಿಂತಿತೆಂದು ಕಾಣುವುದಿಲ್ಲ, ಸಾಲು ಸೊಟ್ಟಗಾಗುತ್ತದೆ. ಬೇರೆ ಬಣ್ಣವಾದರೆ ಹಿಂದಿನ ಸಾಲೇ ಮುಂದಿನ ಸಾಲಿಗೆ ಗೆರೆ. ಆದರೆ ಅದರಲ್ಲೊಂದು ಅಪಾಯವೂ ಉಂಟು, ತಪ್ಪೂ ಎದ್ದು ಕಾಣುತ್ತದೆ. ಕಲಿಯುವ ಹುಡುಗಿಯರಿಗೆ ಅವ್ವ ಮೊದಲು ಹೊಂದುವ ಬಣ್ಣವನ್ನೇ ಕೊಡುತ್ತಾರಂತೆ. ಕೈ ಕೂತ ಮೇಲೆ ಕೆಂಪು. "ಕೆಂಪು ದಾರ ಸುಳ್ಳು ಹೇಳಂಗಿಲ್ರಿ."

ಇನ್ನೊಂದು ಕಾರಣ ಗುಳೆ. ಈ ತಾಲೂಕಿನಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಸಂಸಾರಗಳ ತಲೆಹೊರೆಯಲ್ಲಿ ಪಾತ್ರೆ, ಜೋಳದ ಹಿಟ್ಟು, ಅದರ ಮೇಲೆ ಕೌದಿ. ಒಂದೇ ತಗಡಿನ ಶೆಡ್ಡಿನಲ್ಲಿ ಹತ್ತು ಮನೆಯವರ ಕೌದಿ ಒಂದೇ ಹಗ್ಗದ ಮೇಲೆ ಒಣಗುವಾಗ ಯಾರದ್ದು ಯಾವುದು ಅನ್ನುವುದು ದಾರದ ಬಣ್ಣದಿಂದ, ಟಾಕಿಯ ಅಳತೆಯಿಂದ ತಿಳಿಯುತ್ತದೆ. ಪಕ್ಕದಲ್ಲಿ ಕೂತಿದ್ದ ಅವ್ವನ ಓರಗಿತ್ತಿ ಹೇಳಿದ್ದು ಇದು. ಅವರದ್ದು ಯಾವಾಗಲೂ ಹಳದಿ ದಾರವಂತೆ.

ಟಾಕಿಯ ಅಳತೆ ಸಹಿಯ ಹಾಗೆ ಅನ್ನುವ ಮಾತನ್ನು ಈ ಹಿಂದೆಯೂ ಓದಿದ್ದೆವು. ನಮ್ಮದೇ ರಾಜ್ಯದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯ ಬಗ್ಗೆ ಅಮೆರಿಕದ ವಿದ್ವಾಂಸ ಹೆನ್ರಿ ಜಾನ್ ಡ್ರೂವಲ್ ಹಲವು ವರ್ಷ ಅಧ್ಯಯನ ಮಾಡಿದ್ದಾರೆ. ಸಿದ್ದಿಗಳ ಮೂಲ ಆಫ್ರಿಕ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. ಕವಂದಿಯಲ್ಲೂ ಹೊಲಿಗೆ ಒಂದು ಮೂಲೆಯಿಂದ ಆರಂಭವಾಗಿ ಅಂಚು ಹಿಡಿದು ಸುತ್ತುತ್ತಾ ನಡುವಿಗೆ ಬಂದು ಮುಗಿಯುತ್ತದೆ. ಮೂಲೆಗಳಲ್ಲಿ ಮಡಚಿದ ತ್ರಿಕೋನದ ತುಂಡು, ಅದನ್ನು ಫೂಲ ಅನ್ನುತ್ತಾರೆ. ಅದಿಲ್ಲದ ಕವಂದಿ ಬೆತ್ತಲೆ ಎಂದು ಅವರ ಲೆಕ್ಕ. ಆ ಕವಂದಿಗಳು 2011ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಗೋಡೆಗೆ ಏರಿದವು. ಬಂಗಾಳದ ಕಾಂಥಾದಲ್ಲಿ ಹಳೆ ಸೀರೆಯ ಅಂಚಿನಿಂದಲೇ ಬಣ್ಣದ ನೂಲು ಎಳೆದು ಹೊಲಿಯುತ್ತಿದ್ದರು, ಅಂಗಡಿಯ ದಾರದ ಖರ್ಚೇ ಇಲ್ಲ. ಜಪಾನಿನ ಸಶಿಕೊದಲ್ಲಿ ನೀಲಿ ಬಟ್ಟೆಗೆ ಬಿಳಿ ದಾರ, ಬಡವರ ತೇಪೆಯ ಕೆಲಸವೇ ಅಲಂಕಾರವಾಯಿತು. ಬೇರೆ ಬೇರೆ ದೇಶದ ಹೆಂಗಸರು ತಮ್ಮ ಹೊಲಿಗೆ ಕಾಣಲಿ ಎಂದೇ ಬಯಸಿದ್ದಾರೆ, ಅಡಗಲಿ ಅಂದವರು ನಮ್ಮಂಥ ಗಿರಾಕಿಗಳು.

ಬಣ್ಣದ ಜಗಳಕ್ಕೆ ಬರೋಣ. ಅವ್ವ ನಾಲ್ಕೂ ದಾರವನ್ನು ಒಂದೊಂದು ಗೇಣು ಕತ್ತರಿಸಿದರು. ಬಿಸಿನೀರಲ್ಲಿ ಅದ್ದಿ, ಬಾಪನ ಮುಂಡಿನದಲ್ಲ, ಬೇರೆ ಬಿಳಿ ಚಿಂದಿಯ ನಡುವೆ ಇಟ್ಟು ಮಡಚಿ, ಮೇಲೆ ರುಬ್ಬುಗುಂಡು ಇಟ್ಟರು. ಚಹಾ ಕುಡಿದು ಮುಗಿಯುವ ಹೊತ್ತಿಗೆ ಬಿಚ್ಚಿದರೆ ಕೆಂಪು ದಾರ ಚಿಂದಿಯ ಮೇಲೆ ಗೆರೆ ಎಳೆದಿತ್ತು, ನೀಲಿ ಸ್ವಲ್ಪ. ಹಸಿರು ಒಂದಿಷ್ಟೂ ಬಿಟ್ಟಿರಲಿಲ್ಲ. ಮನೆಯವರು ಉಪ್ಪು ನೀರಲ್ಲಿ ನೆನೆಸಿದರೆ ಕೆಂಪು ನಿಲ್ಲುವುದಿಲ್ಲವೇ ಎಂದರು. ನಿಲ್ಲುವುದಿಲ್ಲ. ಬಣ್ಣ ಹಾಕುವಾಗ ಬಣ್ಣ ನೂಲಿಗೆ ಹತ್ತಲು ಉಪ್ಪು ಸಹಾಯ ಮಾಡುತ್ತದೆ ಹೊರತು, ಹತ್ತದೆ ಉಳಿದ ಬಣ್ಣವನ್ನು ಆಮೇಲೆ ಹಿಡಿದಿಡುವುದಿಲ್ಲ. ಅದನ್ನು ಒಗೆದು ಒಗೆದು ತೆಗೆಯಬೇಕು. ನೀರು ತಿಳಿಯಾಗುವವರೆಗೆ ದಾರದ ಲಡಿಯನ್ನೇ ಮೊದಲು ಒಗೆಯಬೇಕು. ದಾದಿಯ ಅಮ್ಮನ ಕೆಂಪೂ ಒಂದು ಕಾಲಕ್ಕೆ ಬಿಟ್ಟಿರಬೇಕು, ಅದಕ್ಕೇ ಅದು ಆ ನೇರಳೆಗೆ ಇಳಿದದ್ದು. ಆದರೆ ಅಲ್ಲಿ ಅಡಿಯಲ್ಲಿ ಬಿಳಿ ಮುಂಡು ಇರಲಿಲ್ಲ.

ಹಾಗಾಗಿ ಹಸಿರು. ಊರಿನಲ್ಲಿ ನೋಡಿದವರೆಲ್ಲ "ಹಜರತ್ ಅಲ್ಲವೇ, ಹಸಿರೇ ಆರಿಸಿದ್ದಾರೆ" ಎಂದು ನಕ್ಕರು. ಇಲ್ಲ, ಬಣ್ಣ ಬಿಡಲಿಲ್ಲ, ಅದಕ್ಕೆ.

ಮನೆಯಲ್ಲಿ ಹೊಲಿಸುವವರಿಗೆ, ಹೊಲಿಯುವವರಿಗೆ ಅವ್ವನಿಂದ ಕೇಳಿದ ಒಂದೆರಡು ಮಾತು. ದಾರ ಮೊಳಕ್ಕಿಂತ ಉದ್ದ ತೆಗೆಯಬೇಡಿ, ಗಂಟು ಬೀಳುತ್ತದೆ, ಬಟ್ಟೆಯಲ್ಲಿ ಹತ್ತಾರು ಬಾರಿ ತೂರಿ ಎಳೆ ಸವೆದು ಬಣ್ಣವೂ ಮಂಕಾಗುತ್ತದೆ. ಮೇಣದ ಮೇಲೆ ಒಮ್ಮೆ ಎಳೆದರೆ ಸಿಕ್ಕಾಗುವುದು ಕಡಿಮೆ, ಆದರೆ ತಿಳಿ ದಾರಕ್ಕೆ ಕೊಳೆ ಮೇಣ ಬೇಡ. ಕೂಸಿನ ಕೌದಿಗೆ ಗಂಟು ಪದರದೊಳಗೆ ಹೋಗಬೇಕು, ಮೇಲೆ ಉಳಿಯಬಾರದು. ಕೆಳಗಿನ ಬಟ್ಟೆಯ ಬಣ್ಣವನ್ನೂ ನೋಡಬೇಕು. ಮೇಲೆ ಚಂದ ಕಾಣುವ ದಾರ ಮಗುಚಿದಾಗ ಅಡಿಯಲ್ಲಿ ಹೇಗೆ ಕಾಣುತ್ತದೆ ಎಂದು ಎಷ್ಟೋ ಜನ ಯೋಚಿಸುವುದೇ ಇಲ್ಲ. ನಮ್ಮ ಕೌದಿಯ ಅಡಿ ಬಾಪನ ಮುಂಡು. ಬಿಳಿಯ ಮೇಲೆ ಹಸಿರು ಸಾಲುಗಳು ಮೇಲ್ಮೈಗಿಂತ ಅಲ್ಲೇ ಚೆನ್ನಾಗಿ ಕಾಣುತ್ತವೆ, ಗದ್ದೆಯಲ್ಲಿ ಪೈರು ನೆಟ್ಟ ಹಾಗೆ. ಈಗ ನಮ್ಮ ಮನೆಯವರ ಪ್ರಕಾರ ಅದೇ ಮೇಲ್ಭಾಗ.

ಕೂಲಿಯ ಮಾತು. ಈ ಸಲ ಅವ್ವ ಹೇಳಿದಷ್ಟು ಕೊಟ್ಟೆವು, ಹಿಂದಿನ ಇನ್ನೂರನ್ನೂ ಸೇರಿಸಿ. ಹಿಂದಿನದ್ದನ್ನು ಅವರು ಮೊದಲು ತೆಗೆದುಕೊಳ್ಳಲಿಲ್ಲ. "ಆಗಿನ ಕೌದಿ ಹರದದ್ದಕ್ಕ ರೊಕ್ಕ ಯಾಕ್ರಿ" ಎಂದರು. ಆಮೇಲೆ ಮನೆಯವರು ಸೀರೆಯ ಸೆರಗಿಗೆ ಕಟ್ಟಿ ಬಂದರು. ಅವ್ವನ ಇಬ್ಬರು ಹೆಣ್ಣುಮಕ್ಕಳೂ ಸೂಜಿ ಹಿಡಿಯುವುದಿಲ್ಲ. ಒಬ್ಬಳು ರಾಯಚೂರಿನಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದಾಳೆ. ಅದು ಒಳ್ಳೆಯದೇ, ಕೌದಿಗಾಗಿ ಅವಳು ಓದು ಬಿಡಬೇಕು ಎಂದು ಯಾರೂ ಹೇಳಲಾರರು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಮಿಂಕ್ ಕಂಬಳಿ ಸಿಗುವಾಗ ಹದಿಮೂರು ಸಾವಿರ ಟಾಕಿಗೆ ಬೆಲೆ ಕಟ್ಟುವವರು ಕಡಿಮೆ. ಕಟ್ಟುವವರು ಸಿಕ್ಕರೂ ನಮ್ಮ ಹಾಗೆ ಮೊದಲ ಸಲ ತಪ್ಪು ದಾರ ಕೊಡುತ್ತಾರೆ.

ಕೌದಿ ಊರಿಗೆ ಹೋಯಿತು. ಉಮ್ಮ ಅದನ್ನು ಮಡಿಲಲ್ಲಿ ಹಾಸಿಕೊಂಡು ಮೊದಲು ಬಾಪನ ಮುಂಡಿನ ಅಂಚು ಹುಡುಕಿದರು. ಆಮೇಲೆ ಹಸಿರು ಸಾಲಿನ ಮೇಲೆ ಬೆರಳಾಡಿಸುತ್ತಾ, "ಇದು ಯಾರ ಕೈ? ಒಂದೇ ಸಮ ಇದೆಯಲ್ಲ" ಎಂದರು. ನಾವು ದೇವದುರ್ಗದ ಅವ್ವನ ಬಗ್ಗೆ ಹೇಳಿದೆವು. ರೀಲಿನಲ್ಲಿ ಉಳಿದಿದ್ದ ಅರ್ಧ ಹಸಿರು ದಾರವನ್ನೂ ಅವ್ವ ಗಂಟಿನೊಳಗೆ ಇಟ್ಟು ಕಳಿಸಿದ್ದರು, ಹರಿದಾಗ ಬೇಕಾಗುತ್ತದೆ ಎಂದು. ಉಮ್ಮ ಅದನ್ನು ತಿರುಗಿಸಿ ನೋಡಿದರು. "ಹರಿದರೆ ನಾನು ಕೆಂಪು ಹಾಕುತ್ತೇನೆ" ಅಂದರು. ಕೆಂಪು ಬಣ್ಣ ಬಿಡುತ್ತದೆ ಎಂದು ನಾವು ಹೇಳಿ ನೋಡಿದೆವು. ಉಮ್ಮ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ರೀಲನ್ನು ಎಲೆಡಬ್ಬಿಯೊಳಗೆ ಇಟ್ಟು ಕೂಸನ್ನು ಎತ್ತಿಕೊಂಡರು.